ಎನ್ಆರ್‌ಒ ಖಾತೆ ಅಂದ್ರೆ ಎಂತದು, ಎನ್ಆರ್‌ಇ ಇದ್ದ ಮೇಲೆ ಅದೊಂದು ಯಾಕೆ

ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಕಡೆಯಿಂದ ಗಲ್ಫಿಗೆ ಹೋದವರು, ಕಾರವಾರ ಅಂಕೋಲಾ ಕಡೆಯಿಂದ ಹಡಗಿಗೆ ಹೋದವರು, ಶಿರಸಿ ಸಿದ್ದಾಪುರದಿಂದ ಸಾಫ್ಟ್‌ವೇರ್ ಹಿಡ್ಕೊಂಡು ಅಮೆರಿಕಾ ಸೇರಿದವರು, ಮೂರೂ ಥರದವ್ರಿಗೆ ಬ್ಯಾಂಕಲ್ಲಿ ಕೇಳೋ ಪ್ರಶ್ನೆ ಒಂದೇ: ಎನ್ಆರ್‌ಇ ಮಾಡ್ಲಾ, ಎನ್ಆರ್‌ಒ ಮಾಡ್ಲಾ? ಸುಮಾರು ಜನ ಎನ್ಆರ್‌ಇಗೆ ಬಡ್ಡಿ ಮೇಲೆ ಟ್ಯಾಕ್ಸ್ ಇಲ್ಲ ಅಂತ ಯಾರೋ ಹೇಳಿದ್ದು ಕೇಳಿ ಅದೊಂದನ್ನೇ ಮಾಡಿಸಿ ವಿಮಾನ ಹತ್ತಿಬಿಡ್ತಾರೆ. ಊರಲ್ಲಿದ್ದ ಹಳೇ ಎಸ್‌ಬಿ ಖಾತೆ ಹಾಗೇ ಇರ್ತದೆ, ಅದಕ್ಕೆ ಬಾಡಿಗೆ ಬರ್ತದೆ, ಶೇರಿನ ಡಿವಿಡೆಂಡ್ ಬರ್ತದೆ, ಅಡಿಕೆ ದುಡ್ಡೂ ಬರ್ತದೆ. ತಕರಾರು ಶುರುವಾಗೋದು ಅಲ್ಲಿಂದ್ಲೇ.

ಎನ್ಆರ್‌ಇ ಅಂದ್ರೆ ನಾನ್ ರೆಸಿಡೆಂಟ್ ಎಕ್ಸ್‌ಟರ್ನಲ್, ಎನ್ಆರ್‌ಒ ಅಂದ್ರೆ ನಾನ್ ರೆಸಿಡೆಂಟ್ ಆರ್ಡಿನರಿ. ಹೆಸರು ಬಾಯಿಪಾಠ ಮಾಡಿದ್ರೆ ಏನೂ ತಿಳಿಯೋದಿಲ್ಲ, ದುಡ್ಡು ಎಲ್ಲಿ ಹುಟ್ಟಿತು ಅಂತ ನೋಡ್ಬೇಕು ಅಷ್ಟೇ. ಹೊರದೇಶದಲ್ಲಿ ದುಡಿದು ಕಳಿಸಿದ್ದು ಎನ್ಆರ್‌ಇಗೆ, ಇಲ್ಲೇ ಹುಟ್ಟಿದ್ದು ಎನ್ಆರ್‌ಒಗೆ. ಇಬ್ಬರಲ್ಲ, ಒಬ್ಬನೇ ಮನುಷ್ಯ, ಒಂದೇ ಬ್ಯಾಂಕು, ಒಂದೇ ಬ್ರಾಂಚು, ಆದ್ರೂ ಖಾತೆ ಎರಡು. ಎರಡೂ ರೂಪಾಯಿ ಖಾತೆಗಳೇ. ಡಾಲರೋ ಪೌಂಡೋ ಹಾಗೇ ಇಡ್ಬೇಕು ಅಂದ್ರೆ ಎಫ್‌ಸಿಎನ್ಆರ್ ಅಂತ ಬೇರೆ ಉಂಟು, ಅದು ಬರೀ ಡೆಪಾಸಿಟ್ಟು, ಒಂದರಿಂದ ಐದು ವರ್ಷದ್ದು.

ಇನ್ನು ಹಳೇ ಎಸ್‌ಬಿ ಖಾತೆ. 1999ರ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ಕೆಲಸಕ್ಕೆ ಅಂತ ದೇಶ ಬಿಟ್ಟು ಹೋದ ದಿವಸದಿಂದ್ಲೇ ನೀವು ಅನಿವಾಸಿ, ಆಮೇಲೆ ಆ ಎಸ್‌ಬಿ ಖಾತೆ ಎಸ್‌ಬಿಯಾಗಿ ಇರಂಗಿಲ್ಲ, ಅದನ್ನ ಎನ್ಆರ್‌ಒ ಅಂತ ಬದಲಾಯಿಸ್ಕೊಳ್ಬೇಕು. ಮುಚ್ಚೋದಲ್ಲ, ಬದಲಾಯಿಸೋದು. ಬ್ಯಾಂಕಿಗೆ ಹೇಳಿ ಪಾಸ್‌ಪೋರ್ಟು ವೀಸಾ ಝೆರಾಕ್ಸ್ ಕೊಟ್ರೆ ಆಗ್ತದೆ. ಮಾಡದೇ ಬಿಟ್ರೆ ಫೆಮಾ ಉಲ್ಲಂಘನೆ ಅಂತಾಗ್ತದೆ. ಕಾಯ್ದೆ ಪುಸ್ತಕದಲ್ಲಿ ದಂಡ ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನ ತನಕ ಉಂಟು. ಇನ್ನೊಂದು, ನಮ್ಮ ಕಡೆ ಎಲ್ಲರದ್ದೂ ವ್ಯವಹಾರ ಸೊಸೈಟಿ ಜೊತೆ ಅಲ್ವಾ, ಊರಿನ ಸೇವಾ ಸಹಕಾರಿ ಸಂಘದಲ್ಲಿ ಎನ್ಆರ್‌ಒ ಅಂತ ಖಾತೆ ಇರೋದಿಲ್ಲ, ಅದಕ್ಕೆ ರಿಸರ್ವ್ ಬ್ಯಾಂಕ್ ಪರವಾನಗಿ ಕೊಟ್ಟ ಬ್ಯಾಂಕೇ ಆಗ್ಬೇಕು.

ಎರಡು ಖಾತೆ ಮಧ್ಯೆ ದುಡ್ಡು ಓಡಾಡೋದು ಹೇಗೆ ಅನ್ನೋದು ಮುಖ್ಯ. ಕುಮಟಾ ಕಡೆ ಅಘನಾಶಿನಿ ದಂಡೆಯ ಗಜನಿ ಗದ್ದೆ (ಉಪ್ಪುನೀರಿಗೆ ಕಟ್ಟೆ ಕಟ್ಟಿದ ಗದ್ದೆ) ನೋಡಿದವರಿಗೆ ಬೇಗ ಅರ್ಥ ಆಗ್ತದೆ, ಕಟ್ಟೆಯ ಬಾಗಿಲು ಉಪ್ಪುನೀರನ್ನ ಸುಮ್ನೆ ಒಳಗೆ ಬಿಡೋದಿಲ್ಲ. ಎನ್ಆರ್‌ಇಯಿಂದ ಎನ್ಆರ್‌ಒಗೆ ಯಾವಾಗ ಬೇಕಾದ್ರೂ ಹಾಕಿ, ಕೇಳೋರಿಲ್ಲ, ಆದ್ರೆ ಎನ್ಆರ್‌ಒದಿಂದ ಎನ್ಆರ್‌ಇಗೆ ತಿರುಗಿ ತರ್ಬೇಕು ಅಂದ್ರೆ ಟ್ಯಾಕ್ಸ್ ಕಟ್ಟಿದ್ದಕ್ಕೆ ಕಾಗದ ಬೇಕು, ಸಿಎ ಸರ್ಟಿಫಿಕೇಟ್ ಕೇಳ್ತಾರೆ, ವರ್ಷಕ್ಕೆ 10 ಲಕ್ಷ ಡಾಲರ್ ಅನ್ನೋ ಮಿತಿ ಬೇರೆ. ಮಿತಿ ನಮ್ಮಲ್ಲಿ ಬಹಳ ಜನಕ್ಕೆ ಮುಟ್ಟೋದಿಲ್ಲ ಬಿಡಿ, ಕಾಗದವೇ ತಲೆಬಿಸಿ. ಅದಕ್ಕೇ ಸಂಬಳದ ದುಡ್ಡು ಎನ್ಆರ್‌ಒಗೆ ಕಳಿಸ್ಬೇಡಿ ಅನ್ನೋದು. ಎನ್ಆರ್‌ಇಲಿ ಇದ್ರೆ ಅಸಲು ಬಡ್ಡಿ ಎರಡೂ ಪೂರ್ತಿ ವಾಪಸ್ ತಗೊಂಡು ಹೋಗ್ಬಹುದು, ನಾಳೆ ದುಬೈಲಿ ಕೆಲಸ ಹೋಯ್ತು, ಅಲ್ಲೇ ನಾಲ್ಕು ತಿಂಗಳು ಬಾಡಿಗೆ ಕಟ್ಟಿ ಕೂತು ಬೇರೆ ಕೆಲಸ ಹುಡುಕ್ಬೇಕು ಅಂತಾದ್ರೆ ಆವಾಗ ಇದರ ಬೆಲೆ ಗೊತ್ತಾಗ್ತದೆ. ಅಲ್ಲಿ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ ಮೊದಲೇ ಕೊಟ್ಟಿರೋದುಂಟು, ಅದ್ರ ಮೇಲೆ ವರ್ಷದ ಬಾಡಿಗೆಯ 5% ಹೌಸಿಂಗ್ ಫೀ ಕರೆಂಟು ನೀರಿನ ಬಿಲ್ಲಲ್ಲೇ ಸೇರಿ ಬರ್ತದೆ. ಎಲ್ಲಾ ಊರಿಗೆ ಕಳಿಸಿ ಕೈ ಖಾಲಿ ಮಾಡ್ಕೊಂಡವರಿಗೆ ಇದು ಭಾರ.

ಈಗ ಟ್ಯಾಕ್ಸ್. ಎನ್ಆರ್‌ಇ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ. ಎನ್ಆರ್‌ಒ ಬಡ್ಡಿಗೆ ಉಂಟು, ಅದೂ ಮೊದಲ ರೂಪಾಯಿಯಿಂದ್ಲೇ ಬ್ಯಾಂಕಿನವ್ರು ಟಿಡಿಎಸ್ (ದುಡ್ಡು ಕೊಡೋ ಮೊದ್ಲೇ ಮುರಿಯೋ ಟ್ಯಾಕ್ಸ್) ಹಿಡಿಯೋದು, 30% ಮತ್ತೆ ಸೆಸ್ ಸೇರಿ 31.2%. ಊರಲ್ಲಿರೋರಿಗೆ ಇಷ್ಟರ ತನಕ ಹಿಡಿಯೋದಿಲ್ಲ ಅಂತ ಒಂದು ಮಿತಿ ಇರ್ತದಲ್ಲ, ಅದು ನಿಮಗಿಲ್ಲ. 12 ಲಕ್ಷದ ತನಕ ಟ್ಯಾಕ್ಸೇ ಇಲ್ಲ ಅಂತ 2025ರ ಬಜೆಟ್ ಆದ್ಮೇಲೆ ಎಲ್ಲಾ ಕುಣಿದ್ರಲ್ಲ, ಅದು ರಿಬೇಟ್ ಲೆಕ್ಕ, ಅಂದ್ರೆ ಬಿದ್ದ ಟ್ಯಾಕ್ಸನ್ನ ಬಿಟ್ಟುಕೊಡೋದು, ರಿಬೇಟ್ ಇರೋದು ನಿವಾಸಿಗಳಿಗೆ ಮಾತ್ರ, ಅನಿವಾಸಿಗೆ ಹೊಸ ಪದ್ಧತಿಯ ಮೂಲ ವಿನಾಯ್ತಿ 4 ಲಕ್ಷವೇ ಗತಿ. ಆದ್ರೂ ಒಟ್ಟು ಇಲ್ಲಿನ ಆದಾಯ ಅದಕ್ಕಿಂತ ಕಮ್ಮಿ ಇದ್ರೆ ರಿಟರ್ನ್ ಹಾಕಿ ಹಿಡಿದ ಟಿಡಿಎಸ್ ವಾಪಸ್ ತಗೊಳ್ಬಹುದು, ಸುಮಾರು ಜನ ಹಾಕೋದೇ ಇಲ್ಲ, ಸುಮ್ನೆ ಬಿಟ್ಟುಬಿಡ್ತಾರೆ. ಮತ್ತೆ ನೀವಿರೋ ದೇಶಕ್ಕೂ ಭಾರತಕ್ಕೂ ಒಪ್ಪಂದ ಇದ್ರೆ ಬಡ್ಡಿಯ ದರ ಇಳೀತದೆ, ಯುಎಇಗೆ 12.5%, ಅಮೆರಿಕಾಗೆ 15%. ಅದಕ್ಕೆ ಆ ದೇಶದ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ತಂದು ಬ್ಯಾಂಕಿಗೆ ಕೊಡ್ಬೇಕು, ತಾವಾಗೇ ಇಳಿಸೋದಿಲ್ಲ.

ಕಾರವಾರದಲ್ಲಿ ಕೈಗಾದವ್ರಿಗೆ, ನೇವಿಯವ್ರಿಗೆ ಮನೆ ಬಾಡಿಗೆ ಕೊಟ್ಟು ಹೊರಗಿರೋರು ಬಹಳ. ಮನೆ ಮಾಲೀಕ ಅನಿವಾಸಿ ಆದ್ರೆ ಬಾಡಿಗೆದಾರನೇ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಬೇಕು, ಬಾಡಿಗೆ ಎಷ್ಟೇ ಸಣ್ಣದಾದ್ರೂ. ಇದು ಬಾಡಿಗೆದಾರನಿಗೂ ಗೊತ್ತಿರೋದಿಲ್ಲ, ಮಾಲೀಕ ಹೇಳೋದೂ ಇಲ್ಲ.

ಅಡಿಕೆ ವಿಷ್ಯ ಬೇರೆ. ತೋಟ ಕೊಳ್ಳೋದಕ್ಕೆ ಅನಿವಾಸಿಗೆ ಬರೋದಿಲ್ಲ, ಆದ್ರೆ ಅಪ್ಪಯ್ಯನಿಂದ ವಾರಸಾಗಿ ಬಂದದ್ದು ಇಟ್ಕೊಳ್ಬಹುದು. ಆ ತೋಟದ ಚಾಲಿ ಅಡಿಕೆ, ರಾಶಿ ಅಡಿಕೆ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಇಲ್ಲಿ ಇನ್ಕಮ್ ಟ್ಯಾಕ್ಸ್ ಇಲ್ಲ, ಎನ್ಆರ್‌ಒಗೆ ಬಂದು ಕೂತು ಬಡ್ಡಿ ಹುಟ್ಟಿತು ಅಂದ್ರೆ ಆ ಬಡ್ಡಿಗೆ ಮಾತ್ರ ಉಂಟು. ಇಷ್ಟು ಕೇಳಿ ಶಿರಸಿ ಹುಡುಗ್ರು ಖುಷಿ ಆಗ್ತಾರೆ, ಆದ್ರೆ ಅಮೆರಿಕಾದಲ್ಲಿ ಟ್ಯಾಕ್ಸ್ ರೆಸಿಡೆಂಟ್ ಆದವ್ರು ಇಡೀ ಲೋಕದ ಆದಾಯ ಅಲ್ಲಿ ತೋರಿಸ್ಬೇಕು, ಅಡಿಕೆ ದುಡ್ಡೂ ಬಂತು, ಇಲ್ಲಿ ಟ್ಯಾಕ್ಸ್ ಇಲ್ಲದ ಎನ್ಆರ್‌ಇ ಬಡ್ಡಿಯೂ ಬಂತು. ಇದರ ಜೊತೆ ಎಫ್‌ಬಾರ್ ಅಂತ ಒಂದು ಫಾರ್ಮು, ಅಮೆರಿಕಾದ ಹೊರಗಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿವ್ಸ 10,000 ಡಾಲರ್ ದಾಟಿದ್ರೂ ಹಾಕ್ಬೇಕು. ಆಯಿ (ಅಮ್ಮ) ಜೊತೆ ಜಂಟಿ ಇರೋ ಖಾತೆಯೂ ಲೆಕ್ಕಕ್ಕೆ ಸೇರ್ತದೆ, "ಅದು ಆಯಿದು, ನನ್ನ ಹೆಸ್ರು ಸುಮ್ನೆ ಹಾಕಿದ್ದು" ಅಂದ್ರೆ ಅವ್ರು ಕೇಳೋದಿಲ್ಲ.

ಎಲ್ಲರೂ ಎಡವೋ ಜಾಗ ಇನ್ನೊಂದುಂಟು. ಖಾತೆಗೆ ಫೆಮಾ ಲೆಕ್ಕ, ಟ್ಯಾಕ್ಸಿಗೆ ಇನ್ಕಮ್ ಟ್ಯಾಕ್ಸ್ ಲೆಕ್ಕ, ಎರಡೂ ಒಂದೇ ಅಲ್ಲ. ಫೆಮಾ ಯಾಕೆ ಹೋದ್ರಿ ಅಂತ ನೋಡ್ತದೆ, ಇನ್ಕಮ್ ಟ್ಯಾಕ್ಸ್ ದಿವಸ ಎಣಿಸ್ತದೆ. ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿವಸ ಆದ್ರೆ ನಿವಾಸಿ. ರಜೆಗೆ ಬಂದು ಹೋಗೋರಿಗೂ 182ರ ಒಳಗಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಆದ್ರೆ ಇಲ್ಲಿನ ಆದಾಯ 15 ಲಕ್ಷ ದಾಟಿದವ್ರು 120 ದಿವಸಕ್ಕೇ ಹುಷಾರಾಗ್ಬೇಕು. ಯಾವ ದೇಶದಲ್ಲೂ ಟ್ಯಾಕ್ಸ್ ಕಟ್ಟದ ಗಲ್ಫಿನವ್ರನ್ನ ಇಲ್ಲೇ ನಿವಾಸಿ ಮಾಡ್ತಾರೆ ಅಂತ 2020ರಲ್ಲಿ ದೊಡ್ಡ ಗಲಾಟೆ ಆಯ್ತಲ್ಲ, ಅದೂ ಈ 15 ಲಕ್ಷ ದಾಟಿದವ್ರಿಗೆ ಮಾತ್ರ, ಹಾಗೆ ನಿವಾಸಿ ಅನ್ನಿಸಿಕೊಂಡ್ರೂ ಅಲ್ಲಿನ ಸಂಬಳಕ್ಕೆ ಇಲ್ಲಿ ಟ್ಯಾಕ್ಸ್ ಬೀಳೋದಿಲ್ಲ. ಹಡಗಿನವ್ರಿಗೆ ಈ ದಿವಸದ ಲೆಕ್ಕವೇ ಪ್ರಾಣ, ಸಿಡಿಸಿ (ಹಡಗು ಹತ್ತಿ ಇಳಿದ ದಾಖಲೆ) ಪುಸ್ತಕದ ತಾರೀಕು ಜೋಪಾನ ಮಾಡ್ಬೇಕು. ಅನಿವಾಸಿ ಸೀಮನ್ ಹೊರದೇಶಕ್ಕೆ ಹೋಗೋ ಹಡಗಲ್ಲಿ ದುಡಿದ ಸಂಬಳ ಇಲ್ಲಿನ ಎನ್ಆರ್‌ಇ ಖಾತೆಗೆ ಬಂತು ಅನ್ನೋ ಒಂದೇ ಕಾರಣಕ್ಕೆ ಅದನ್ನ ಇಲ್ಲಿನ ಆದಾಯ ಅನ್ನಂಗಿಲ್ಲ ಅಂತ ನೇರ ತೆರಿಗೆ ಮಂಡಳಿ 2017ರ ಏಪ್ರಿಲಲ್ಲಿ ಸುತ್ತೋಲೆ ಹೊರಡಿಸಿ ಸ್ಪಷ್ಟ ಮಾಡಿದೆ. ಸುತ್ತೋಲೆ ಹೇಳೋದು ಎನ್ಆರ್‌ಇ ಬಗ್ಗೆ ಅನ್ನೋದು ಗಮನ ಇರ್ಲಿ.

ಮನೆಯವ್ರು ದುಡ್ಡು ತೆಗಿಯೋದು ಹೇಗೆ ಅಂತ ಕೇಳ್ತಾರೆ. ಹತ್ತಿರದ ಸಂಬಂಧಿಕರನ್ನ ಎನ್ಆರ್‌ಇಗೂ ಜಂಟಿಯಾಗಿ ಸೇರಿಸ್ಬಹುದು, ಆದ್ರೆ "ಫಾರ್ಮರ್ ಆರ್ ಸರ್ವೈವರ್" ಅಂತ, ಅಂದ್ರೆ ನೀವಿರೋ ತನಕ ಖಾತೆ ನಿಮ್ದೇ, ಅವ್ರು ನಡೆಸೋದು ಮುಖ್ತ್ಯಾರ್ (ಪವರ್ ಆಫ್ ಅಟಾರ್ನಿ ಇರೋರು) ಆಗಿ ಮಾತ್ರ. ಮುಖ್ತ್ಯಾರ್ ಕೊಟ್ರೆ ಊರ ಖರ್ಚು, ಬಿಲ್ಲು, ಆಸ್ಪತ್ರೆ ಎಲ್ಲಾ ಆಗ್ತದೆ, ನಿಮ್ಮ ಪರವಾಗಿ ಗಿಫ್ಟ್ ಮಾಡೋದು ಮಾತ್ರ ಆಗೋದಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ತಿಂಗಳ ಖರ್ಚಿನಷ್ಟನ್ನ ಎನ್ಆರ್‌ಇಯಿಂದ ನೇರ ಮನೆಯವ್ರ ಸ್ವಂತ ಖಾತೆಗೆ ಹಾಕ್ತಾ ಹೋಗೋದು ಎಲ್ಲಕ್ಕಿಂತ ಚೊಲೋ.

ಮತ್ತೆ ಖಾಯಂ ಆಗಿ ಊರಿಗೆ ಬಂದವ್ರು ಎನ್ಆರ್‌ಇ ಹಾಗೇ ಇಟ್ಟು ಬಡ್ಡಿಗೆ ಟ್ಯಾಕ್ಸ್ ಇಲ್ಲ ಅಂತ ಕೂರಂಗಿಲ್ಲ, ಆ ವಿನಾಯ್ತಿ ಫೆಮಾ ಪ್ರಕಾರ ಅನಿವಾಸಿ ಆಗಿದ್ದಷ್ಟು ದಿವಸ ಮಾತ್ರ. ಬ್ಯಾಂಕಿಗೆ ತಿಳಿಸಿ ಸಾದಾ ಖಾತೆ ಮಾಡಿಸ್ಬೇಕು, ಇಲ್ಲಾ ಆರ್‌ಎಫ್‌ಸಿ ಅಂತ ವಿದೇಶಿ ಹಣದ ಖಾತೆಗೆ ಬದಲಾಯಿಸ್ಬೇಕು. ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವ್ರು ಬಂದ ಮೇಲೂ ಸ್ವಲ್ಪ ಕಾಲ ಪೂರ್ತಿ ನಿವಾಸಿ ಅನ್ನಿಸ್ಕೊಳ್ಳೋದಿಲ್ಲ, ಆ ಅವಧಿಯಲ್ಲಿ ಆರ್‌ಎಫ್‌ಸಿ ಬಡ್ಡಿಗೆ ಟ್ಯಾಕ್ಸ್ ಇಲ್ಲ, ಹಂಗಾಗಿ ದೊಡ್ಡ ಮೊತ್ತ ಇದ್ದವ್ರು ರೂಪಾಯಿ ಮಾಡೋ ಮೊದ್ಲು ಒಮ್ಮೆ ಸಿಎ ಹತ್ರ ಕೂತು ಲೆಕ್ಕ ಹಾಕಿಸೋದು ಒಳ್ಳೇದು.