‘ವಂಶದಲ್ಲಿದೆ’ ಅಂದರೆ ಯಾರಿಗೆ, ಎಷ್ಟು?

ವಂಶಪಾರಂಪರ್ಯ ಕಾಯಿಲೆಗಳ ಪಾಠದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಕಾಯಿಲೆ ಇರುವವರು, ಜೀನ್ ಮಾತ್ರ ಹೊತ್ತ ಕ್ಯಾರಿಯರ್‌ಗಳು, ಮುಂದೆ ಬಂದೀತೇನೋ ಎಂದು ಕಾಯುವವರು. ಮೂವರನ್ನೂ ‘ವಂಶದಲ್ಲಿದೆ’ ಅನ್ನುವ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಮನೆಯಲ್ಲಿ ಆಯಿ ಹಾಗಂದರೆ ಸರಿ. ಕಾರವಾರದಲ್ಲಿ ನರ್ಸಿಂಗ್ ಓದುತ್ತಿರುವ ನಾವು ಅಂದರೆ ಸರಿಯಲ್ಲ. ಇಪ್ಪತ್ತರ ಆಸುಪಾಸಿನವರಿಗೆ ಕೆಲಸ, ಮದುವೆ, ಮಕ್ಕಳು ಎಲ್ಲದರ ಯೋಚನೆ ಒಟ್ಟಿಗೇ ಶುರುವಾಗಿರುತ್ತದೆ. ಅವರ ಎದುರು ಈ ಮಾತನ್ನು ಅಳೆದೇ ಆಡಬೇಕು.

ಮೊದಲು ಕ್ಯಾರಿಯರ್. ನನ್ನ ದೊಡ್ಡಪ್ಪನ ಮಗನಿಗೆ 26 ವರ್ಷ, ಶಿರಸಿ ಹತ್ತಿರ ಊರು. ಹಿಮೋಗ್ಲೋಬಿನ್ 11.6 ಇದೆ ಅಂತ ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದ. ಬರೆದುಕೊಟ್ಟವರು ಯಾರು ಅನ್ನುವುದು ಬಿಡಿ. ಹೊಟ್ಟೆ ಕೆಟ್ಟಿತೇ ಹೊರತು ಹಿಮೋಗ್ಲೋಬಿನ್ ಏರಲಿಲ್ಲ. ರಜೆಗೆ ಹೋದಾಗ ಅಡಿಕೆ ಸುಲಿಯುವಲ್ಲಿ ಕೂತು ಅವನ ಹಳೆ ರಿಪೋರ್ಟ್ ಬಿಡಿಸಿದೆ. ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 64. ಕೆಂಪು ಕಣಗಳ ಎಣಿಕೆ 5.8. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 11. ಇದಕ್ಕೆ ಮೆಂಟ್ಜರ್ ಸೂಚ್ಯಂಕ ಅನ್ನುತ್ತಾರೆ, 1973ರದ್ದು. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ವಂಶದ ಕಾಯಿಲೆ) ಕ್ಯಾರಿಯರ್ ಇರಬಹುದೆಂಬ ಅನುಮಾನ. ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆ ನೋಡಬೇಕು.

ಯಾಕೆ ಹೀಗೆ? ತೆಳ್ಳೇವು, ಅಂದರೆ ತೆಳು ದೋಸೆ, ಎರೆಯುವುದನ್ನು ನೆನಪಿಸಿಕೊಳ್ಳಿ. ಹಿಟ್ಟೇ ಕಮ್ಮಿಯಾದರೆ ತೆಳ್ಳೇವೂ ಚಿಕ್ಕದು, ಎಣಿಕೆಯೂ ಕಮ್ಮಿ. ಸೌಟು ಚಿಕ್ಕದಾದರೆ ಗಾತ್ರ ಮಾತ್ರ ಇಳಿಯುತ್ತದೆ, ಎಣಿಕೆ ಇಳಿಯುವುದಿಲ್ಲ. ಕಬ್ಬಿಣದ ಕೊರತೆ ಮೊದಲನೆಯ ಥರ, ಥಲಸ್ಸೀಮಿಯಾ ಕ್ಯಾರಿಯರ್ ಎರಡನೆಯ ಥರ. ಪೂರ್ತಿ ಸರಿಯಾದ ಹೋಲಿಕೆ ಏನಲ್ಲ, ಆದರೆ ಪರೀಕ್ಷೆ ಹಾಲ್‌ನಲ್ಲಿ ನೆನಪಿಗೆ ಬರುತ್ತದೆ.

ಸೂಚ್ಯಂಕ ಬರೀ ಅನುಮಾನ ಹುಟ್ಟಿಸುತ್ತದೆ. ತೀರ್ಮಾನಕ್ಕೆ ಎಚ್‌ಪಿಎಲ್‌ಸಿ ಬೇಕು, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಮಾಡಿ ಅಳೆಯುವ ರಕ್ತಪರೀಕ್ಷೆ. ಅದರಲ್ಲಿ ಎಚ್‌ಬಿಎ2 ಎಂಬ ಬಗೆ ಶೇ. 3.5 ದಾಟಿದರೆ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್. ಅಣ್ಣನದು 5.2 ಬಂತು. ವೈವಾಕ್ಕೆ ಒಂದು ಗುಟ್ಟು: ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎ2 ಇಳಿದು ಕಾಣಬಹುದು. ಆಗ ಕೊರತೆ ಸರಿಮಾಡಿ ಮತ್ತೆ ನೋಡಬೇಕು.

ಅಣ್ಣ ರೋಗಿಯಲ್ಲ. ಆರಾಮಾಗಿ ತೋಟದ ಕೆಲಸ ಮಾಡಿಕೊಂಡಿದ್ದಾನೆ. ಅವನಿಗೆ ಬೇಕಾಗಿರುವುದು ಮದುವೆಗೆ ಮೊದಲು ಹುಡುಗಿಯದೂ ಒಂದು ಎಚ್‌ಪಿಎಲ್‌ಸಿ. ಇಬ್ಬರೂ ಕ್ಯಾರಿಯರ್ ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಕಾಯಿಲೆಯ ತೀವ್ರ ರೂಪ, ಬರುವ ಸಾಧ್ಯತೆ ಶೇ. 25. ಕ್ಯಾರಿಯರ್ ಆಗುವುದು 50, ಏನೂ ಇಲ್ಲದಿರುವುದು 25. ‘ನಾಲ್ಕರಲ್ಲಿ ಒಂದು’ ಅಂದಾಗ ಜನ ಮೊದಲ ಮಗುವಿಗೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುತ್ತದಾ? ‘ಜಾತ್ಕದ ಸಂತಿಗೆ ಇದ್ನೂ ಕೊಡವನೇ ತಂಗಿ?’ ಅಂತ ದೊಡ್ಡಮ್ಮ ಅಣ್ಣನ ರಿಪೋರ್ಟ್ ಬಗ್ಗೆ ಕೇಳಿದಳು. ಕೊಡವು ಅಂದೆ.

ಎರಡನೆಯವರು, ಕಾಯಿಲೆಯ ಜೊತೆಗೇ ಬೆಳೆದವರು. ಸಿಕಲ್ ಸೆಲ್ ತೆಗೆದುಕೊಳ್ಳಿ, ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುವ ಕಾಯಿಲೆ. ಕೇಂದ್ರದ ನಿರ್ಮೂಲನಾ ಮಿಷನ್ 2023ರ ಜುಲೈ 1ರಂದು ಶುರುವಾಯಿತು. 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 40 ವರ್ಷದವರೆಗಿನವರ ತಪಾಸಣೆ, 2047ರ ಗುರಿ. ಇಷ್ಟು ಒಂದು ಅಂಕದ ಪ್ರಶ್ನೆಗೆ ಸಾಕು. ಮುಖ್ಯವಾದದ್ದು ಬೇರೆ ಇದೆ: ಶಿಬಿರದಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಟೆಸ್ಟ್ ಕ್ಯಾರಿಯರ್ ಯಾರು, ರೋಗಿ ಯಾರು ಎಂದು ಬೇರೆ ಮಾಡಿ ಹೇಳುವುದಿಲ್ಲ. ಶಿಬಿರದಲ್ಲಿ ಪಾಸಿಟಿವ್ ಬಂದ ಕೂಡಲೇ ‘ನಿನಗೆ ಕಾಯಿಲೆ’ ಅಂದುಬಿಡಬೇಡಿ. ಎಚ್‌ಪಿಎಲ್‌ಸಿ ಬರಲಿ.

ಹದಿನೆಂಟು ತುಂಬಿದ ಮೇಲೆ ಇವರು ಮಕ್ಕಳ ವಿಭಾಗದಿಂದ ದೊಡ್ಡವರ ಒಪಿಡಿಗೆ ಬರುತ್ತಾರೆ. ಅಲ್ಲಿಯವರೆಗೆ ಮಾತ್ರೆ ನೆನಪಿಸಿದ್ದು ಅಮ್ಮ, ಫೈಲ್ ಹಿಡಿದದ್ದು ಅಪ್ಪ. ಈಗ ಹುಡುಗ ಹಾಸ್ಟೆಲ್‌ನಲ್ಲಿ. ಸಿಕಲ್ ಸೆಲ್‌ನವರು ದಿನಾ ನುಂಗುವ ಮಾತ್ರೆ ಹೈಡ್ರಾಕ್ಸಿಯೂರಿಯಾ ತಪ್ಪುವುದು ಇಂಥ ಹೊತ್ತಿನಲ್ಲೇ. ನೀರು ಸಾಲದಿರುವುದು, ಚಳಿ, ಸೋಂಕು, ಅತಿ ದಣಿವು ಇವೆಲ್ಲ ನೋವನ್ನು ಎಬ್ಬಿಸುತ್ತವೆ. ಮೇ ತಿಂಗಳ ಸೆಕೆಯಲ್ಲಿ ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನಿಗೆ ‘ನೀರು ಕುಡಿ’ ಅನ್ನುವುದು ಸುಮ್ನೆ ಉಪಚಾರದ ಮಾತಲ್ಲ, ಅದೇ ಚಿಕಿತ್ಸೆಯ ಒಂದು ಭಾಗ. ಇಪ್ಪತ್ತೆರಡರವಳು ಸೊಂಟದ ಕೀಲು ನೋವು ಎಂದರೆ ‘ಕೂತು ಕೂತು ಬಂದದ್ದು’ ಎಂದು ಕಳಿಸಬೇಡಿ. ತೊಡೆಮೂಳೆಯ ತುದಿಗೆ ರಕ್ತ ಹೋಗದೆ ಅದು ಸಾಯುತ್ತಿರಬಹುದು. ಮಗು ಬೇಕು ಅನ್ನುವವರು, ಗಂಡಾಗಲಿ ಹೆಣ್ಣಾಗಲಿ, ಹೈಡ್ರಾಕ್ಸಿಯೂರಿಯಾ ಬಗ್ಗೆ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಸಿಕಲ್ ಸೆಲ್, ಥಲಸ್ಸೀಮಿಯಾ, ಹಿಮೋಫಿಲಿಯಾ ಮೂರೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳ ಪಟ್ಟಿಯಲ್ಲಿವೆ. ಕಾಲೇಜಿನಲ್ಲಿ ಇದು ಬಹಳ ಜನಕ್ಕೆ ಗೊತ್ತೇ ಇರಲ್ಲ.

ಮೂರನೆಯವರದೇ ಕಷ್ಟದ ಪ್ರಶ್ನೆ. ಮಿದುಳಿನ ನರಕೋಶಗಳು ಸವೆಯುತ್ತಾ ಹೋಗುವ ಹಂಟಿಂಗ್ಟನ್ ಕಾಯಿಲೆಯಲ್ಲಿ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಶೇ. 50. ಜೀನ್ ಸಿಕ್ಕಿದ್ದು 1993ರಲ್ಲಿ. ಅದರಲ್ಲಿ ಸಿ-ಎ-ಜಿ ಎಂಬ ಡಿಎನ್‌ಎಯ ಮೂರಕ್ಷರ 40 ಸಲ ಅಥವಾ ಹೆಚ್ಚು ಮರುಕಳಿಸಿದ್ದರೆ ಆಯಸ್ಸಿದ್ದಷ್ಟರಲ್ಲಿ ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಆದರೆ ಬರಬಹುದು, ಬರದೆಯೂ ಇರಬಹುದು. ಲಕ್ಷಣ ಕಾಣುವುದು ಹೆಚ್ಚಾಗಿ 30ರಿಂದ 50ರ ನಡುವೆ. ತಡೆಯುವ ಔಷಧಿ ಇಲ್ಲ. ಹಾಗಾಗಿ ಲಕ್ಷಣವಿಲ್ಲದವರಿಗೆ 18ರ ಒಳಗೆ ಪರೀಕ್ಷೆ ಮಾಡುವುದಿಲ್ಲ. ಆಮೇಲೂ ಮೊದಲು ಆಪ್ತಸಮಾಲೋಚನೆ, ನಂತರ ರಕ್ತ. ನಮ್ಮ ಕಡೆಯವರು ಇದಕ್ಕೆ ರಾತ್ರಿ ರೈಲು ಪಂಚಗಂಗಾ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು.

ಇಂಟರ್ನಲ್ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು: ಅಜ್ಜನಿಗೆ (ಅಮ್ಮನ ಅಪ್ಪನಿಗೆ) ಹಂಟಿಂಗ್ಟನ್ ಇತ್ತು. ಅಮ್ಮನಿಗೆ 45, ಲಕ್ಷಣವಿಲ್ಲ, ಪರೀಕ್ಷೆ ಬೇಡ ಅನ್ನುತ್ತಾಳೆ. ಮಗಳಿಗೆ 22, ಮದುವೆಗೆ ಮುಂಚೆ ತಿಳಿಯಬೇಕು ಅನ್ನುತ್ತಾಳೆ. ನಾನು ‘ಮಗಳಿಗೆ ಪರೀಕ್ಷೆ ಮಾಡಿಸಬೇಕು’ ಅಂತ ಬರೆದು ಐದಕ್ಕೆ ಒಂದೂವರೆ ತಗೊಂಡೆ. ಮಗಳದು ಪಾಸಿಟಿವ್ ಬಂದರೆ ಅಮ್ಮನದೂ ಪಾಸಿಟಿವ್ ಅಂತ ಗೊತ್ತಾಗಿಬಿಡುತ್ತದೆ, ಅವಳು ಬೇಡವೆಂದಿದ್ದರೂ. ಮಗಳಿಗೆ ತಿಳಿಯುವ ಹಕ್ಕಿದೆ, ಅಮ್ಮನಿಗೆ ತಿಳಿಯದಿರುವ ಹಕ್ಕಿದೆ. ಸಮಾಲೋಚಕರು ರಕ್ತ ತೆಗೆಯುವ ಮೊದಲೇ ಇದನ್ನು ಮಗಳಿಗೆ ಹೇಳಬೇಕು, ಸಾಧ್ಯವಾದರೆ ಇಬ್ಬರನ್ನೂ ಕೂರಿಸಿ ಮಾತಾಡಬೇಕು. ಆಮೇಲೂ ಮಗಳು ಬೇಕೇ ಬೇಕು ಅಂದರೆ ಮಾಡುತ್ತಾರೆ. ಉಳಿದ ಮೂರೂವರೆ ಅಂಕ ಇದ್ದದ್ದು ಇಲ್ಲಿ.