ಅಮೆರಿಕದ ಮೊದಲ ಸಂವಿಧಾನ ಎಂಟೇ ವರ್ಷಕ್ಕೆ ಮುಗಿದದ್ದೇಕೆ?

ಅಮೆರಿಕದ ಸಂವಿಧಾನವೆಂದರೆ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚನೆಯಾದದ್ದು ಎಂದೇ ನಮ್ಮಲ್ಲಿ ಹೆಚ್ಚಿನವರು ಓದಿಕೊಂಡಿದ್ದೇವೆ. ಅದು 1789ರಲ್ಲಿ ಜಾರಿಗೆ ಬರುವವರೆಗೆ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ ಎಂಬ ಒಕ್ಕೂಟದ ಕರಾರು ಆ ದೇಶವನ್ನು ಎಂಟು ವರ್ಷ ನಡೆಸಿತ್ತು. ಜಾನ್ ಡಿಕಿನ್ಸನ್ ಬರೆದ ಕರಡನ್ನು ಸಾಕಷ್ಟು ತಿದ್ದಿ 1777ರ ನವೆಂಬರಿನಲ್ಲಿ ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಒಪ್ಪಿತಾದರೂ, ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಪಶ್ಚಿಮದ ಭೂಮಿಯ ಮೇಲಿನ ಹಕ್ಕು ಬಿಡದೆ ತಾನು ಅನುಮೋದಿಸುವುದಿಲ್ಲ ಎಂದು ಮೇರಿಲ್ಯಾಂಡ್ ಪಟ್ಟು ಹಿಡಿದದ್ದರಿಂದ ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು.

ಅಮೆರಿಕನ್ನರನ್ನು ಕೇಳದೆ ಲಂಡನ್ನಿನ ಸಂಸತ್ತು ಹೇರಿದ ತೆರಿಗೆಗಳ ಗಾಯ ಇನ್ನೂ ಮಾಯದಿದ್ದ ಕಾಲವದು. ಆದ್ದರಿಂದಲೇ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಾಗಲಿ, ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವಾಗಲಿ ಇರಲಿಲ್ಲ. ಪ್ರತ್ಯೇಕ ಕಾರ್ಯಾಂಗವೂ ಇರಲಿಲ್ಲ. ರಾಜ್ಯ ಚಿಕ್ಕದಿರಲಿ ದೊಡ್ಡದಿರಲಿ, ಅದಕ್ಕೊಂದೇ ಮತ. ಯುದ್ಧ, ಒಪ್ಪಂದ, ಸಾಲದಂಥ ವಿಷಯಗಳಿಗೆ ಒಂಬತ್ತು ರಾಜ್ಯಗಳು ಒಪ್ಪಬೇಕು, ಕರಾರನ್ನೇ ತಿದ್ದುವುದಾದರೆ ಹದಿಮೂರೂ. ಇದನ್ನು ಬರೆದವರ ತಿಳಿಗೇಡಿತನ ಎನ್ನುವುದು ಅನ್ಯಾಯವಾದೀತು. ಅನುಭವಿಸಿ ನೊಂದವರ ಎಚ್ಚರಿಕೆ ಅದು.

ಆದರೆ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಕಾಂಗ್ರೆಸ್ ರಾಜ್ಯಗಳಿಂದ ಹಣ ಕೇಳಬಹುದಿತ್ತೇ ಹೊರತು ವಸೂಲಿ ಮಾಡುವಂತಿರಲಿಲ್ಲ. ಆಮದಿನ ಮೇಲೆ ಶೇ 5ರ ಸುಂಕ ಹಾಕಲು 1781ರಲ್ಲಿ ಅದು ಅನುಮತಿ ಕೋರಿತು. ಮರುವರ್ಷ ರೋಡ್ ಐಲೆಂಡ್ ಒಲ್ಲೆ ಎಂದಿತು, ಪ್ರಸ್ತಾವ ಅಲ್ಲಿಗೇ ನಿಂತಿತು. 1783ರಲ್ಲಿ ಮತ್ತೆ ಕೇಳಿದಾಗ ನ್ಯೂಯಾರ್ಕಿನ ಷರತ್ತುಗಳಿಂದಾಗಿ ಅದೂ ಮುರಿದುಬಿತ್ತು. ಎರಡೂ ರಾಜ್ಯಗಳು ತಮ್ಮ ಬಂದರಿನ ಆದಾಯವನ್ನು ಕಾಯ್ದುಕೊಂಡವು, ಅಷ್ಟೇ. ಒಬ್ಬರು ಬೇಡವೆಂದರೆ ಎಲ್ಲರ ಕೆಲಸವೂ ನಿಲ್ಲುವಂತೆ ಮಾಡಿದ್ದು ನಿಯಮವೇ. ಇದೇ ನಡುವೆ, 1783ರ ಜೂನಿನಲ್ಲಿ, ಬಾಕಿ ಸಂಬಳ ಕೇಳಿದ ಸೈನಿಕರು ಸಭಾಭವನವನ್ನು ಸುತ್ತುವರಿದಾಗ ಕಾಂಗ್ರೆಸ್ ಫಿಲಡೆಲ್ಫಿಯಾ ತೊರೆದು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು.

ಆ ಚಳಿಗಾಲದಲ್ಲಿ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದ ಪ್ಯಾರಿಸ್ ಒಪ್ಪಂದವೇ ಅನುಮೋದನೆಗೆ ಕಾಯುತ್ತಿತ್ತು. ಗಡುವು ಹತ್ತಿರವಾಗುತ್ತಿದ್ದರೂ ಅನ್ನಾಪೊಲಿಸ್‌ನಲ್ಲಿ ಸೇರಿದ್ದ ಕಾಂಗ್ರೆಸ್ ಸಭೆಗೆ ಒಂಬತ್ತು ರಾಜ್ಯಗಳು ಕೂಡಲಿಲ್ಲ. ಕೊನೆಗೆ, ಕಾಯಿಲೆ ಬಿದ್ದಿದ್ದ ದಕ್ಷಿಣ ಕ್ಯಾರೊಲಿನಾದ ಪ್ರತಿನಿಧಿಯೊಬ್ಬರು ಬಂದು ಸೇರಿದ ಮೇಲೆ, 1784ರ ಜನವರಿ 14ರಂದು ಅನುಮೋದನೆ ದೊರೆಯಿತು.

ಇಷ್ಟು ದುರ್ಬಲವಾಗಿದ್ದ ವ್ಯವಸ್ಥೆಯೇ ಯುದ್ಧವನ್ನು ಮುಗಿಸಿತು. ಅದು 1785ರಲ್ಲಿ ತಂದ ಭೂ ಶಾಸನ ಪಶ್ಚಿಮದ ನೆಲವನ್ನು 36 ಭಾಗಗಳ ಚೌಕಗಳಾಗಿ ಅಳೆದು, ಪ್ರತಿ ಚೌಕದ 16ನೇ ಸಂಖ್ಯೆಯ ಭಾಗವನ್ನು ಶಾಲೆಗೆಂದು ಮೀಸಲಿಟ್ಟಿತು. 1787ರ ವಾಯವ್ಯ ಶಾಸನ ಅಲ್ಲಿ ಗುಲಾಮಗಿರಿಯನ್ನು ನಿಷೇಧಿಸಿ, ಹೊಸ ರಾಜ್ಯಗಳಿಗೆ ಹಳೆಯವುಗಳ ಸಮಾನ ಸ್ಥಾನ ಕೊಟ್ಟಿತು. ಆ ನೆಲದಲ್ಲಿ ಮೂಲನಿವಾಸಿಗಳು ಬಾಳುತ್ತಿದ್ದರು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಸಾಲ ಮತ್ತು ತೆರಿಗೆಯಿಂದ ನಲುಗಿದ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರು 1786ರಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿ ದಂಗೆಯೆದ್ದಾಗ ಕಾಂಗ್ರೆಸ್ಸಿನ ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ಅಡಗಿಸಲು ಬಾಸ್ಟನ್ನಿನ ವರ್ತಕರು ಹಣ ಹಾಕಬೇಕಾಯಿತು. ಮುಂದಿನ ಮೇ ತಿಂಗಳಲ್ಲಿ ಕರಾರನ್ನು ತಿದ್ದಲೆಂದು ಫಿಲಡೆಲ್ಫಿಯಾದಲ್ಲಿ ಸೇರಿದವರು ಹೊಸ ಸಂವಿಧಾನವನ್ನೇ ಬರೆದರು. ಅದು ಜಾರಿಯಾಗಲು ಒಂಬತ್ತು ರಾಜ್ಯಗಳ ಒಪ್ಪಿಗೆ ಸಾಕೆಂದೂ ಅದರಲ್ಲೇ ಬರೆದರು. ರೋಡ್ ಐಲೆಂಡ್ ಒಪ್ಪಿದ್ದು 1790ರ ಮೇ 29ರಂದು. ಅಷ್ಟರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷವೇ ಕಳೆದಿತ್ತು.