ಮನೆಯ ಬ್ರಾಡ್‌ಬ್ಯಾಂಡ್‌ನಿಂದಲೇ ಇಮೇಲ್ ಲಿಸ್ಟ್ ನಡೆಸಬಹುದಾ?

ಪ್ರಶ್ನೆ: ನಾವು ಇನ್ನೂರು ಜನ ಹಳೇ ವಿದ್ಯಾರ್ಥಿಗಳಿದ್ದೇವೆ. ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಫೈಬರ್ ಸಂಪರ್ಕವೂ ಇದೆ. ಅದರಲ್ಲೇ ಮೇಲ್‌ಮ್ಯಾನ್ (ಒಂದು ವಿಳಾಸಕ್ಕೆ ಬಂದ ಮೇಲನ್ನು ಎಲ್ಲ ಸದಸ್ಯರಿಗೂ ಕಳಿಸುವ ಸಾಫ್ಟ್‌ವೇರ್) ಹಾಕಿ ನಮ್ಮದೇ ಲಿಸ್ಟ್ ನಡೆಸಬಹುದಾ? ಕರೆಂಟ್ ಹೋದರೆ ಮೇಲ್ ಕಳೆದುಹೋಗುತ್ತಾ?

ಉತ್ತರ: ಲಿಸ್ಟ್ ಮನೆಯಲ್ಲೇ ಇರಲಿ, ತೊಂದರೆಯಿಲ್ಲ. ಮೇಲ್ ಮಾತ್ರ ಮನೆಯ ಐಪಿ ವಿಳಾಸದಿಂದ ಹೊರಡಬಾರದು.

ಕರೆಂಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಮೇಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4–5 ದಿನ ಪ್ರಯತ್ನಿಸಬೇಕು ಅಂತ ಎಸ್‌ಎಂಟಿಪಿ (ಮೇಲ್ ಸಾಗಿಸುವ ಪದ್ಧತಿ) ನಿಯಮವೇ ಹೇಳುತ್ತದೆ. ಇನ್ನೂರು ಜನರಿಗೆ ಹಳೇ ಕಂಪ್ಯೂಟರ್ ಧಾರಾಳ ಸಾಕು.

ತಲೆನೋವು ಇರುವುದು ವಿಳಾಸದಲ್ಲಿ. ರೌಟರ್‌ನಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಹೊರಗಿನ ಒಂದೇ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿಂದ ಬಂದದ್ದನ್ನು ನಿಮ್ಮ ಕಂಪ್ಯೂಟರ್‌ಗೆ ದಾಟಿಸಿದರೂ) ಹೊರಗಿನ ಮೇಲ್ ನಿಮ್ಮ ತನಕ ಬರುವುದಿಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ (ಬದಲಾಗದ, ನಿಮಗೇ ಮೀಸಲಾದ) ಐಪಿ ತಗೊಂಡರೂ ಕಥೆ ಮುಗಿಯಲ್ಲ. ಮನೆ ಸಂಪರ್ಕಗಳಲ್ಲಿ ಹೊರಹೋಗುವ ಪೋರ್ಟ್ 25 (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ದಾರಿ) ಬಹಳ ಕಡೆ ಮುಚ್ಚಿರುತ್ತದೆ. ಜೊತೆಗೆ ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯವರ ಪಿಬಿಎಲ್ ಪಟ್ಟಿಯಲ್ಲಿ ಮನೆಬಳಕೆಯ ಐಪಿಗಳು ಸಾಲುಸಾಲಾಗಿ ಇರುತ್ತವೆ. ನೀವು ತಪ್ಪು ಮಾಡಿದ್ದೀರಿ ಅಂತಲ್ಲ, ಇಂಥ ವಿಳಾಸದಿಂದ ನೇರವಾಗಿ ಮೇಲ್ ಬರಬಾರದು ಅಂತ ಅಷ್ಟೆ.

ದಾರಿ ಇದು: ಪಬ್ಲಿಕ್ ಐಪಿ ಇರುವ ಸಣ್ಣ ವಿಪಿಎಸ್ (ಕಂಪನಿಯೊಂದರ ಡೇಟಾ ಸೆಂಟರ್‌ನಲ್ಲಿರುವ ವರ್ಚುವಲ್ ಸರ್ವರ್) ಒಂದನ್ನು ಬಾಡಿಗೆಗೆ ತಗೊಳ್ಳಿ. ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಸುರಂಗ (ಒಂದು ಬಗೆಯ ವಿಪಿಎನ್, ಎರಡರ ನಡುವಿನ ಖಾಸಗಿ ಸಂಪರ್ಕ) ಹಾಕಿ. ಮೇಲ್ ಬರುವುದೂ ಹೋಗುವುದೂ ವಿಪಿಎಸ್‌ನ ಪೋಸ್ಟ್‌ಫಿಕ್ಸ್ (ಮೇಲ್ ಸರ್ವರ್ ಸಾಫ್ಟ್‌ವೇರ್) ಮೂಲಕ. ಸದಸ್ಯರ ಪಟ್ಟಿ, ಹಳೇ ಮೇಲ್‌ಗಳೆಲ್ಲ ಮನೆಯಲ್ಲಿ. ಕೊಳ್ಳುವ ಮುಂಚೆ ಎರಡು ವಿಷಯ ಕೇಳಿ: ಪೋರ್ಟ್ 25 ತೆರೆದು ಕೊಡ್ತೀರಾ, ಪಿಟಿಆರ್ ದಾಖಲೆ (ಐಪಿಯಿಂದ ಸರ್ವರ್‌ನ ಹೆಸರು ತಿಳಿಸುವಂಥದ್ದು) ನಾವೇ ಬದಲಿಸಬಹುದಾ? ಪಿಟಿಆರ್ ಬೇಕು ಅಂತ 2024ರ ಫೆಬ್ರವರಿಯಿಂದ ಜಿಮೇಲ್ ಪಟ್ಟು ಹಿಡಿದಿದೆ. ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ದಾಖಲೆ), ಡಿಕಿಮ್ (ಮೇಲ್ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಸಹಿ) ಇವೆರಡರಲ್ಲಿ ಒಂದಾದರೂ ಇರಬೇಕು, ಎರಡನ್ನೂ ಹಾಕಿಬಿಡಿ.

ಇಷ್ಟಾದ ಮೇಲೂ ಲಿಸ್ಟ್‌ಗಳಿಗೇ ಅಂತ ಒಂದು ಕಾಟ ಇದೆ. ಯಾಹೂ ವಿಳಾಸದ ಗೆಳೆಯ ಲಿಸ್ಟ್‌ಗೆ ಬರೆದ ಅಂದುಕೊಳ್ಳಿ. ಮೇಲ್‌ಮ್ಯಾನ್ ವಿಷಯದ ಸಾಲಿಗೆ ಲಿಸ್ಟ್ ಹೆಸರು, ಕೆಳಗೆ ಅಡಿಟಿಪ್ಪಣಿ ಸೇರಿಸುತ್ತದೆ. ಅಲ್ಲಿಗೆ ಯಾಹೂ ಹಾಕಿದ ಡಿಕಿಮ್ ಸಹಿ ಕೆಟ್ಟಿತು. ಮೇಲ್ ಹೊರಟಿದ್ದು ನಿಮ್ಮ ಸರ್ವರ್‌ನಿಂದ, ಹಾಗಾಗಿ ಎಸ್‌ಪಿಎಫ್ ಕೂಡ ಯಾಹೂಗೆ ಹೊಂದುವುದಿಲ್ಲ. ಇಂಥವನ್ನು ತಿರಸ್ಕರಿಸಿ ಅಂತ ಯಾಹೂ 2014ರ ಏಪ್ರಿಲ್‌ನಲ್ಲಿ ಡಿಮಾರ್ಕ್ ನಿಯಮ (ಇವೆರಡೂ ಹೊಂದದ ಮೇಲನ್ನು ಏನು ಮಾಡಬೇಕು ಅಂತ ಡೊಮೇನಿನವರು ಹೇಳುವಂಥದ್ದು) ಬಿಗಿ ಮಾಡಿದಾಗ ಜಗತ್ತಿನ ಎಷ್ಟೋ ಲಿಸ್ಟ್‌ಗಳು ಕೈಕೊಟ್ಟವು. ತಮಾಷೆ ಅಂದರೆ, ಏಟು ಬಿದ್ದಿದ್ದು ಬರೆದವರಿಗಲ್ಲ. ಮೇಲ್ ಬೌನ್ಸ್ ಆಗ್ತಿದೆ (ಜಿಮೇಲ್ ತಿರಸ್ಕರಿಸಿ ವಾಪಸ್ ಕಳಿಸ್ತಿದೆ) ಅಂತ ಸುಮ್ನೆ ಓದುತ್ತಿದ್ದ ಜಿಮೇಲ್ ಸದಸ್ಯರನ್ನೇ ಸಾಫ್ಟ್‌ವೇರ್ ಲಿಸ್ಟ್‌ನಿಂದ ತೆಗೆಯಿತು!

ಮೇಲ್‌ಮ್ಯಾನ್ 3ರಲ್ಲಿ ಇದಕ್ಕೆ ಪರಿಹಾರ ಇದೆ. ಡಿಮಾರ್ಕ್ ಮಿಟಿಗೇಶನ್ ವಿಭಾಗದಲ್ಲಿ ಕಳಿಸಿದವರ ವಿಳಾಸದ ಜಾಗಕ್ಕೆ ಲಿಸ್ಟ್‌ನ ವಿಳಾಸ ಹಾಕುವ ಆಯ್ಕೆ ಇಟ್ಟುಕೊಳ್ಳಿ. ಇನ್ನೂರು ಜನರನ್ನು ಸೇರಿಸುವ ಮೊದಲು ಒಬ್ಬ ಯಾಹೂ, ಒಬ್ಬ ಜಿಮೇಲ್ ಗೆಳೆಯರ ಜೊತೆ ಒಂದು ವಾರ ನಡೆಸಿ ನೋಡಿ.